ಹಲ್ಲು ಕೀಳಿಸೋದೋ, ಉಳಿಸೋದೋ?

ಸಂಜೆ ಏಳು ಗಂಟೆ. ನಮ್ಮ ಕಲಿಕಾ ಕೇಂದ್ರದಲ್ಲಿ ಎಲ್ಲರೂ ಸೇರಿದ್ದೆವು. ಅಂದು ಓದುವ ಸರದಿ ಕೂಲಿಗೆ ಹೋಗುವ ನಮ್ಮ ಓಣಿಯ ಅಕ್ಕನದು. ಅಕ್ಕ ಪುಸ್ತಕ ತೆರೆದಳು. ಬಾಯಿ ಮಾತ್ರ ತೆರೆಯಲಿಲ್ಲ. ಅವಳ ಕೈ ಕೆನ್ನೆಯ ಮೇಲೆಯೇ ಇತ್ತು.

"ಯಾಕಕ್ಕ, ಓದಲ್ವಾ?" ಎಂದು ಕೇಳಿದೆವು.

"ಹಲ್ಲು ನೋವು ಕಣ್ರಿ. ಮೂರು ರಾತ್ರಿ ಆಯ್ತು, ನಿದ್ದೆ ಇಲ್ಲ" ಅಂದಳು ಅಕ್ಕ.

ಕೂಡಲೇ ನಾವೆಲ್ಲ ಡಾಕ್ಟರಾದೆವು! "ಲವಂಗ ಇಟ್ಕೋ" ಅಂದರು ಒಬ್ಬರು. "ಹೊಗೆಸೊಪ್ಪು ಒತ್ತಿ ಹಿಡಿ" ಅಂದರು ಇನ್ನೊಬ್ಬರು. "ಅಂಗಡೀಲಿ ಮಾತ್ರೆ ಸಿಗುತ್ತೆ, ಎರಡು ನುಂಗು" ಅಂದರು ಮತ್ತೊಬ್ಬರು.

ಅಕ್ಕ ತಲೆ ಅಲ್ಲಾಡಿಸಿದಳು. "ಎಲ್ಲಾ ಮಾಡಿ ಆಯ್ತು. ಎರಡು ವರ್ಷದಿಂದ ಇದೇ ಕಥೆ. ನೋವು ಬರುತ್ತೆ. ಮಾತ್ರೆ ನುಂಗ್ತೀನಿ. ಹೋಗುತ್ತೆ. ಮತ್ತೆ ಬರುತ್ತೆ."

ಹಲ್ಲು ನೋವು ಇನ್ನು ಯಾರಿಗೆ ಇದೆ ಎಂದು ಕೇಳಿದೆವು. ಅರ್ಧಕ್ಕಿಂತ ಹೆಚ್ಚು ಜನ ಕೈ ಎತ್ತಿದರು. ಆ ದಿನದ ಪಾಠ ಹಲ್ಲಿನದೇ ಆಯಿತು.

ಹಲ್ಲು ಹೇಗೆ ಹುಳುಕಾಗುತ್ತದೆ?

ಹಲ್ಲಿನಲ್ಲಿ ಹುಳು ಇರುತ್ತದೆ ಎಂದು ನಾವು ತಿಳಿದಿದ್ದೆವು. ಸಂತೆಯಲ್ಲಿ ಹುಳು ತೆಗೆದು ತೋರಿಸುವವರನ್ನೂ ನೋಡಿದ್ದೆವು. ಅದು ನಿಜ ಅಲ್ಲ. ಹಲ್ಲಿನಲ್ಲಿ ಹುಳು ಇರುವುದಿಲ್ಲ. ಇರುವುದು ಕಣ್ಣಿಗೆ ಕಾಣದ ರೋಗಾಣು.

ನಾವು ಸಿಹಿ ತಿನ್ನುತ್ತೇವೆ. ಸಕ್ಕರೆ ಹಾಕಿದ ಚಹಾ ಮೇಲಿಂದ ಮೇಲೆ ಕುಡಿಯುತ್ತೇವೆ. ಹಲ್ಲಿಗೆ ಅಂಟಿದ ಸಿಹಿಯನ್ನು ರೋಗಾಣು ತಿನ್ನುತ್ತದೆ. ಹುಳಿ ಬಿಡುತ್ತದೆ. ಆ ಹುಳಿ ಹಲ್ಲನ್ನು ಸವೆಸುತ್ತದೆ.

ಹಲ್ಲಿಗೆ ಮೂರು ಪದರ ಇವೆ. ಮೇಲಿನದು ಬಹಳ ಗಟ್ಟಿ. ಇದು ಸವೆಯುವಾಗ ನೋವು ಗೊತ್ತಾಗುವುದಿಲ್ಲ. ಕಪ್ಪು ಚುಕ್ಕೆ ಮಾತ್ರ ಕಾಣಬಹುದು. ಎರಡನೆಯ ಪದರಕ್ಕೆ ಹೋದರೆ ತಣ್ಣೀರು ಕುಡಿದಾಗ ಜುಮ್ ಎನ್ನುತ್ತದೆ. ಒಳಗಿನದು ನರ ಮತ್ತು ರಕ್ತ ಇರುವ ಜಾಗ. ಅಲ್ಲಿಗೆ ತಲುಪಿದರೆ ರಾತ್ರಿ ನಿದ್ದೆ ಇಲ್ಲ.

ಚುಕ್ಕೆ ಇದ್ದಾಗಲೇ ಹೋದರೆ ಕೆಲಸ ಸಣ್ಣದು. ಹುಳುಕನ್ನು ತೆಗೆದು ಸಿಮೆಂಟು ತುಂಬುತ್ತಾರೆ. ಅಷ್ಟಕ್ಕೇ ಮುಗಿಯುತ್ತದೆ. ಖರ್ಚೂ ಕಡಿಮೆ. ನಾವು ಹೋಗುವುದು ಯಾವಾಗ? ನೋವು ತಡೆಯಲಾಗದೆ ಇದ್ದಾಗ!

ನೋವು ಹೋದರೆ ರೋಗ ಹೋಯಿತೇ?

ಇದನ್ನು ಚೆನ್ನಾಗಿ ನೆನಪಿಡೋಣ. ನೋವು ಹೋಯಿತು ಎಂದರೆ ರೋಗ ಹೋಯಿತು ಎಂದಲ್ಲ.

ಮಾತ್ರೆ ನೋವನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಹುಳುಕು ಅಲ್ಲಿಯೇ ಇರುತ್ತದೆ. ಕೆಲವು ಸಲ ಒಳಗಿನ ನರವೇ ಸಾಯುತ್ತದೆ. ಆಗ ನೋವು ತಾನಾಗಿ ನಿಲ್ಲುತ್ತದೆ. ನಾವು "ವಾಸಿ ಆಯ್ತು" ಅಂತ ಸುಮ್ಮನಾಗುತ್ತೇವೆ. ಆದರೆ ಬೇರಿನ ತುದಿಯಲ್ಲಿ ಕೀವು ತುಂಬುತ್ತಾ ಇರುತ್ತದೆ. ಒಂದು ದಿನ ಕೆನ್ನೆ ಊದಿಕೊಳ್ಳುತ್ತದೆ.

ನೋವಿನ ಮಾತ್ರೆ ಮೇಲಿಂದ ಮೇಲೆ ನುಂಗಿದರೆ ಹೊಟ್ಟೆಗೆ ಕೇಡು. ಮೂತ್ರಪಿಂಡಕ್ಕೂ ಕೇಡು. ಹೊಗೆಸೊಪ್ಪು ಒತ್ತಿದರೆ ಬಾಯಿಯ ಚರ್ಮ ಸುಡುತ್ತದೆ. ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಬೆಚ್ಚಗಿನ ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಬಹುದು. ಸ್ವಲ್ಪ ಹಾಯ್ ಅನಿಸುತ್ತದೆ. ಅದೂ ಔಷಧ ಅಲ್ಲ, ಆಸ್ಪತ್ರೆಗೆ ಹೋಗುವ ತನಕ ಮಾತ್ರ.

ಎರಡು ದಾರಿ

ಮರುದಿನ ಅಕ್ಕನ ಜೊತೆ ನಾವಿಬ್ಬರು ತಾಲೂಕು ಆಸ್ಪತ್ರೆಗೆ ಹೋದೆವು. ಹಲ್ಲಿನ ಡಾಕ್ಟರು ನೋಡಿದರು. ಎಕ್ಸ್‌ರೇ ತೆಗೆಸಿದರು. ಕೆಳಗಿನ ದವಡೆ ಹಲ್ಲು ಅದು. ನರದ ತನಕ ಹುಳುಕು ಹೋಗಿತ್ತು.

"ಎರಡು ದಾರಿ ಇವೆ ಕಣಮ್ಮ" ಅಂದರು ಡಾಕ್ಟರು. "ಒಂದು, ಹಲ್ಲು ಕೀಳೋದು. ಇಲ್ಲೇ ಆಗುತ್ತೆ. ಇನ್ನೊಂದು, ರೂಟ್ ಕೆನಾಲ್ ಮಾಡಿ ಉಳಿಸೋದು. ಅದಕ್ಕೆ ದಾವಣಗೆರೆ ದಂತ ಕಾಲೇಜಿಗೆ ಹೋಗಬೇಕು."

ಅಕ್ಕ ನಮ್ಮ ಮುಖ ನೋಡಿದಳು. ನಾವು ಅವಳ ಮುಖ ನೋಡಿದೆವು. ಏನು ಹೇಳೋದು?

ಅಕ್ಕ ಚೀಲದಿಂದ ನೋಟ್‌ಬುಕ್ ತೆಗೆದಳು. ಹಿಂದಿನ ರಾತ್ರಿ ನಾವೆಲ್ಲ ಸೇರಿ ಐದು ಪ್ರಶ್ನೆ ಮಾಡಿದ್ದೆವು. ಅಕ್ಕ ತನ್ನ ಕೈಯಾರೆ ಬರೆದುಕೊಂಡಿದ್ದಳು. ಒಂದೊಂದೇ ಓದಿ ಕೇಳಿದಳು.

1. ಈ ಹಲ್ಲು ಉಳಿಯುತ್ತಾ? ಎಷ್ಟು ನಂಬಿಕೆ?
2. ಎಷ್ಟು ಸಲ ಬರಬೇಕು?
3. ಒಟ್ಟು ಖರ್ಚು ಎಷ್ಟು? ಆಮೇಲೆ ಬೇರೆ ಖರ್ಚು ಇದೆಯಾ?
4. ಕಿತ್ತರೆ ಮುಂದೆ ಏನಾಗುತ್ತೆ?
5. ಏನೂ ಮಾಡದೆ ಬಿಟ್ಟರೆ ಏನಾಗುತ್ತೆ?

ಡಾಕ್ಟರು ನಕ್ಕರು. ಬೇಸರ ಮಾಡಿಕೊಳ್ಳಲಿಲ್ಲ. ಕುಳಿತು ಉತ್ತರ ಹೇಳಿದರು.

ತಕ್ಕಡಿಯಲ್ಲಿ ಇಟ್ಟು ನೋಡೋಣ

ಸಂತೆಯಲ್ಲಿ ನಾವು ತಕ್ಕಡಿ ನೋಡಿ ಕೊಳ್ಳುತ್ತೇವೆ. ಇದನ್ನೂ ಹಾಗೆಯೇ ತೂಗಿ ನೋಡೋಣ.

ಒಂದು ತಟ್ಟೆ: ಕೀಳಿಸೋದು. ಒಂದೇ ದಿನದ ಕೆಲಸ. ಖರ್ಚು ಕಡಿಮೆ. ಸೂಜಿ ಕೊಟ್ಟು ಮರಗಟ್ಟಿಸಿ ಕೀಳುತ್ತಾರೆ. ಆದರೆ ದೊಡ್ಡವರಿಗೆ ಹೋದ ಹಲ್ಲು ಮತ್ತೆ ಹುಟ್ಟುವುದಿಲ್ಲ. ದವಡೆ ಹಲ್ಲು ಹೋದರೆ ರೊಟ್ಟಿ, ಕಾಳು ಅಗಿಯುವುದು ಕಷ್ಟ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಎದುರಿನ ಹಲ್ಲು ನಿಧಾನವಾಗಿ ಆ ಜಾಗದ ಕಡೆ ಇಳಿಯುತ್ತದೆ, ಇಲ್ಲವೇ ಏರುತ್ತದೆ.

ಇನ್ನೊಂದು ತಟ್ಟೆ: ಉಳಿಸೋದು. ಹಲ್ಲಿನ ಒಳಗಿನ ಕೆಟ್ಟ ನರ ತೆಗೆಯುತ್ತಾರೆ. ಬೇರಿನ ಸಣ್ಣ ನಾಳವನ್ನು ತೊಳೆದು ಚೊಕ್ಕ ಮಾಡುತ್ತಾರೆ. ಆಮೇಲೆ ಮುಚ್ಚುತ್ತಾರೆ. ಇದೇ ರೂಟ್ ಕೆನಾಲ್. ನಮ್ಮ ಹಲ್ಲು ನಮ್ಮ ಬಾಯಲ್ಲೇ ಇರುತ್ತದೆ. ಆದರೆ ಎರಡು ಮೂರು ಸಲ ಹೋಗಬೇಕಾಗಬಹುದು. ಖರ್ಚು ಹೆಚ್ಚು. ದವಡೆ ಹಲ್ಲಿಗೆ ಮೇಲೆ ಕ್ಯಾಪ್ ಹಾಕಿಸಬೇಕು. ಇಲ್ಲದಿದ್ದರೆ ಅಗಿಯುವಾಗ ಹಲ್ಲು ಸೀಳಬಹುದು. ಕೆಲವು ಸಲ ಇಷ್ಟೆಲ್ಲ ಮಾಡಿದರೂ ಹಲ್ಲು ಉಳಿಯುವುದಿಲ್ಲ.

ಮೂರನೆಯ ದಾರಿಯೊಂದಿದೆ. ಮಾತ್ರೆ ನುಂಗಿ ಸುಮ್ಮನಿರೋದು. ನಾವು ಹೆಚ್ಚಾಗಿ ಹಿಡಿಯುವುದು ಇದನ್ನೇ. ಇವತ್ತಿಗೆ ಅದು ಅಗ್ಗ. ಕೊನೆಗೆ ಅದೇ ದುಬಾರಿ.

ಅಕ್ಕ ಏನು ಮಾಡಿದಳು?

ಅಕ್ಕನಿಗೆ 34 ವರ್ಷ. ಬೇರು ಗಟ್ಟಿ ಇತ್ತು. ಆ ಕಡೆ ಇನ್ನೊಂದು ದವಡೆ ಹಲ್ಲು ಮೊದಲೇ ಹೋಗಿತ್ತು. "ಇದೂ ಹೋದ್ರೆ ನಾನು ಯಾವ ಕಡೆ ಅಗೀಲಿ? ಉಳಿಸ್ತೀನಿ" ಅಂದಳು.

ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೇಳಿದೆವು. ಹದಿನೈದು ದಿನದ ಕೂಲಿಗಿಂತ ಹೆಚ್ಚು ಹೇಳಿದರು. ದಂತ ಕಾಲೇಜಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಅಲ್ಲಿ ಕಲಿಯುವ ಡಾಕ್ಟರುಗಳು ಕೆಲಸ ಮಾಡುತ್ತಾರೆ. ಗುರುಗಳು ಪಕ್ಕದಲ್ಲಿ ನಿಂತು ನೋಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ.

ಅಕ್ಕ ಮೂರು ಸಲ ಹೋಗಿ ಬಂದಳು. ಮೂರು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಬೇರೆ. ಸಂಘದಿಂದ ಸಾಲ ತೆಗೆದಳು. ಕ್ಯಾಪಿಗೆ ಹಣ ಸಾಲಲಿಲ್ಲ. ಆ ಕಡೆ ಗಟ್ಟಿ ಪದಾರ್ಥ ಅಗಿಯಬೇಡ, ಬೇಗ ಬಾ ಎಂದು ಡಾಕ್ಟರು ಹೇಳಿ ಕಳಿಸಿದರು. ಕೊಯ್ಲಿನ ಕೂಲಿ ಕೈಗೆ ಬಂದ ಕೂಡಲೇ ಅಕ್ಕ ಹೋಗಿ ಕ್ಯಾಪ್ ಹಾಕಿಸಿಕೊಂಡಳು. ಅಲ್ಲಿಯ ತನಕ ಅವಳಿಗೂ ಭಯ, ನಮಗೂ ಭಯ. ಹಲ್ಲು ಉಳಿಯಿತು.

ತಾತ ಏನು ಮಾಡಿದರು?

ನಮ್ಮ ಕೇಂದ್ರದ ತಾತನ ಕಥೆ ಬೇರೆ. ಅವರ ಹಲ್ಲು ಹುಳುಕಾಗಿರಲಿಲ್ಲ. ಒಸಡಿನಲ್ಲಿ ರಕ್ತ ಬರುತ್ತಿತ್ತು. ಹಲ್ಲು ಅಲ್ಲಾಡುತ್ತಿದ್ದವು. ಇದು ಒಸಡಿನ ರೋಗ. ಹಲ್ಲಿಗೆ ಕಟ್ಟಿದ ಪಾಚಿ ಗಟ್ಟಿಯಾಗುತ್ತದೆ. ಒಸಡು ಕೆಳಗೆ ಸರಿಯುತ್ತದೆ. ಹಲ್ಲು ಹಿಡಿದ ಮೂಳೆಯೂ ಕರಗುತ್ತದೆ.

ಡಾಕ್ಟರು ತಾತನ ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇತ್ತು. ತಾತನಿಗೆ ಗೊತ್ತೇ ಇರಲಿಲ್ಲ! ಸಕ್ಕರೆ ಕಾಯಿಲೆ ಇದ್ದರೆ ಒಸಡಿನ ರೋಗ ಜೋರಾಗುತ್ತದೆ. ಒಸಡಿನ ರೋಗ ಇದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಎರಡಕ್ಕೂ ಒಟ್ಟಿಗೆ ಔಷಧ ಬೇಕು.

ತಾತನಿಗೆ ಸಕ್ಕರೆ ಹತೋಟಿಗೆ ಬಂದ ಮೇಲೆ ನಾಲ್ಕು ಹಲ್ಲು ಕೀಳಿಸಿದರು. ಉಳಿದ ಹಲ್ಲು ಚೊಕ್ಕ ಮಾಡಿದರು. ತಾತನಿಗೆ ಕೀಳಿಸಿದ್ದೇ ಸರಿ. ಅಕ್ಕನಿಗೆ ಉಳಿಸಿದ್ದೇ ಸರಿ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಸರಿ ಆಗಬೇಕೆಂದಿಲ್ಲ.

ಹೋದ ಹಲ್ಲಿನ ಜಾಗಕ್ಕೆ ಏನು?

ತೆಗೆದು ಹಾಕುವ ಸೆಟ್ಟು: ಖರ್ಚು ಕಡಿಮೆ. ದಿನಾ ತೊಳೆಯಬೇಕು. ರಾತ್ರಿ ತೆಗೆದು ನೀರಿನಲ್ಲಿ ಇಡಬೇಕು. ಮೊದಮೊದಲು ಬಾಯಿಗೆ ಒಗ್ಗುವುದಿಲ್ಲ.

ಸೇತುವೆ ಹಲ್ಲು: ಪಕ್ಕದ ಎರಡು ಹಲ್ಲುಗಳ ಆಸರೆಯಲ್ಲಿ ಕೂರಿಸುತ್ತಾರೆ. ತೆಗೆಯುವ ಹಾಗಿಲ್ಲ. ಪಕ್ಕದ ಹಲ್ಲನ್ನು ಅರೆದು ಸಣ್ಣ ಮಾಡಬೇಕಾಗುತ್ತದೆ.

ಇಂಪ್ಲಾಂಟ್: ಮೂಳೆಯೊಳಗೆ ಲೋಹದ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಇಡುತ್ತಾರೆ. ಗಟ್ಟಿ. ಆದರೆ ಬಹಳ ದುಬಾರಿ. ಪೂರ್ತಿ ಆಗಲು ತಿಂಗಳುಗಳೇ ಬೇಕು.

ಹಲ್ಲಿಲ್ಲದ ಬಡ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲು ಕರ್ನಾಟಕ ಸರ್ಕಾರ 'ದಂತ ಭಾಗ್ಯ' ಯೋಜನೆ ತಂದಿತು. ನಮ್ಮ ಮನೆಯ ಹಿರಿಯರಿಗೆ ಸಿಗುತ್ತದೆಯೇ ಎಂದು ತಾಲೂಕು ಆಸ್ಪತ್ರೆಯಲ್ಲಿ ಕೇಳೋಣ. ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದುಕೊಂಡು ಹೋಗೋಣ.

ರಸ್ತೆ ಬದಿಯಲ್ಲಿ ಹಲ್ಲು ಕಟ್ಟಿಸಿಕೊಳ್ಳೋದು ಬೇಡ. ಉಪಕರಣ ಕುದಿಸಿರುವುದಿಲ್ಲ. ಒಬ್ಬರ ರೋಗ ಇನ್ನೊಬ್ಬರಿಗೆ ಅಂಟಬಹುದು.

ಜನರ ಮಾತು, ನಿಜವಾದ ಮಾತು

"ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ." ಇದು ಸುಳ್ಳು. ಹಲ್ಲಿಗೂ ಕಣ್ಣಿನ ದೃಷ್ಟಿಗೂ ಸಂಬಂಧ ಇಲ್ಲ.

"ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲ ಆಗುತ್ತೆ." ಇದೂ ಸುಳ್ಳು. ಪಾಚಿಯೇ ಹಲ್ಲನ್ನು ಸಡಿಲ ಮಾಡುವುದು. ತೆಗೆದ ಮೇಲೆ ಅದು ನಮಗೆ ಗೊತ್ತಾಗುತ್ತದೆ, ಅಷ್ಟೆ.

"ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡು." ಹಾಗೆ ಬಿಡಬಾರದು. ಮಕ್ಕಳಿಗೆ 20 ಹಾಲು ಹಲ್ಲು. ಆರನೇ ವರ್ಷದ ಹೊತ್ತಿಗೆ ಅವುಗಳ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಅದು ಹಾಲು ಹಲ್ಲಲ್ಲ. ಜೀವನ ಪೂರ್ತಿ ಇರಬೇಕಾದ ಹಲ್ಲು. ಅಕ್ಕನ ಹುಳುಕು ಹಲ್ಲು ಅದೇ.

ಕಾಯಬಾರದ ಸೂಚನೆಗಳು

ಕೆನ್ನೆ ಅಥವಾ ಕುತ್ತಿಗೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಆಗದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಇದು ಜೀವಕ್ಕೆ ಅಪಾಯ. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತೋರಿಸಲೇಬೇಕು.

ಹಲ್ಲು ಕೀಳಿಸುವ ಮುಂಚೆ ಬಿ.ಪಿ., ಸಕ್ಕರೆ, ಹೃದಯದ ಕಾಯಿಲೆ ಇದ್ದರೆ ಹೇಳಬೇಕು. ಬಸುರಿಯಾದರೆ ಅದನ್ನೂ ಹೇಳಬೇಕು. ನುಂಗುತ್ತಿರುವ ಮಾತ್ರೆಯ ಚೀಟಿ ತೋರಿಸಬೇಕು. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆಗಿಂತ ಹೆಚ್ಚು ಕಚ್ಚಿ ಹಿಡಿಯಬೇಕು. ಆ ದಿನ ಜೋರಾಗಿ ಉಗುಳಬಾರದು, ಮುಕ್ಕಳಿಸಬಾರದು. ಬೀಡಿ ಸೇದಬಾರದು.

ದಿನಾ ಮಾಡೋಣ

ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ಹಲ್ಲು ಉಜ್ಜೋಣ. ಮೆತ್ತನೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು ಸಾಕು. ಇಟ್ಟಿಗೆ ಪುಡಿ, ಇದ್ದಿಲು, ಕಡ್ಡಿಪುಡಿ ಬೇಡ. ಗುಟ್ಕಾ ಬೇಡವೇ ಬೇಡ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡೋಣ. ತಿಂದ ಮೇಲೆ ಬಾಯಿ ಮುಕ್ಕಳಿಸೋಣ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ ಹಿರಿಯರು. ಕಡಲೆ ಸಂಪಾದನೆಗೆ ದಿನಾ ದುಡಿಯುತ್ತೇವೆ. ಹಲ್ಲಿಗಾಗಿ ದಿನಕ್ಕೆ ನಾಲ್ಕು ನಿಮಿಷ ಕೊಡೋಣ.

ಕ್ಯಾಪ್ ಹಾಕಿಸಿಕೊಂಡ ಮರುದಿನ ಅಕ್ಕ ಕೇಂದ್ರಕ್ಕೆ ಬಂದಳು. ಪುಸ್ತಕ ತೆರೆದಳು. ಅಂದು ನಿಂತಿದ್ದ ಪಾಠವನ್ನು ಕೊನೆಯ ತನಕ ಗಟ್ಟಿಯಾಗಿ ಓದಿದಳು.

ಯೋಚಿಸಿ, ಮಾತಾಡಿ

1. ನಿಮ್ಮ ಮನೆಯಲ್ಲಿ ಯಾರಿಗೆ ಹಲ್ಲು ನೋವಿದೆ? ಎಷ್ಟು ದಿನದಿಂದ?
2. ಅಕ್ಕ ಹಲ್ಲು ಉಳಿಸಿದಳು. ತಾತ ಕೀಳಿಸಿದರು. ಇಬ್ಬರೂ ಮಾಡಿದ್ದು ಸರಿಯೇ? ಯಾಕೆ?
3. ನಿಮ್ಮ ಊರಿಗೆ ಹತ್ತಿರದ ಹಲ್ಲಿನ ಆಸ್ಪತ್ರೆ ಎಲ್ಲಿದೆ? ಯಾವ ದಿನ ಡಾಕ್ಟರು ಇರುತ್ತಾರೆ? ಕೇಳಿ ತಿಳಿದುಕೊಳ್ಳಿ.

ಬರೆಯಿರಿ

ಅಕ್ಕ ಕೇಳಿದ ಐದು ಪ್ರಶ್ನೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಿ.