ಮರಳಿ ಮರಳಿ ಬೆಳಗುವ ತಾರೆಗಳು

ನಕ್ಷತ್ರಗಳೆಲ್ಲವೂ ಸದಾ ಒಂದೇ ಪ್ರಕಾರವಾಗಿ ಬೆಳಗುತ್ತಿರುವುವೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ರಾಜಹಂಸ ಮಂಡಲದ ‘ಎಸ್.ಎಸ್. ಸಿಗ್ನಿ’ ಎಂಬ ತಾರೆಯಾದರೋ ಹಾಗಲ್ಲ. ಅದು ವಾರಗಟ್ಟಲೆ ಮಸುಕಾಗಿದ್ದು, ಒಂದೆರಡು ದಿನಗಳೊಳಗಾಗಿ ಸುಮಾರು 40 ಮಡಿ ಪ್ರಕಾಶವನ್ನು ತಾಳಿ, ಪುನಃ ಮಂಕಾಗುವುದು. ಇದನ್ನು 1896ರಲ್ಲಿ ಕಂಡುಹಿಡಿದವರು ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿದ್ದ ಲೂಯಿಸಾ ವೆಲ್ಸ್ ಎಂಬ ಮಹಿಳೆ. ಆಕಾಶದ ಛಾಯಾಚಿತ್ರಗಳುಳ್ಳ ಗಾಜಿನ ಫಲಕಗಳನ್ನು ಪರೀಕ್ಷಿಸುವ ತಾಳ್ಮೆಯ ಕೆಲಸವನ್ನು ಅಲ್ಲಿ ಅಲ್ಪ ವೇತನಕ್ಕೆ ಸ್ತ್ರೀಯರಿಗೆ ವಹಿಸುತ್ತಿದ್ದರು. ಶಾಸ್ತ್ರಕ್ಕೆ ಲಾಭವಾದುದು ಆ ಅಲ್ಪ ವೇತನದಿಂದಲ್ಲ, ಅವರ ಕಣ್ಣಿನಿಂದ.

ಇಂತಹವುಗಳಿಗೆ ‘ಕುಬ್ಜ ನೋವಾ’ ಎಂದು ಹೆಸರು. ನೋವಾ ಎಂದರೆ ಹೊಸತು. ಆದರೆ ಇಲ್ಲಿ ಹೊಸ ತಾರೆಯೇನೂ ಹುಟ್ಟುವುದಿಲ್ಲ. ಇಲ್ಲಿರುವುದು ಒಂದು ಜೋಡಿ. ಒಂದು, ಭೂಮಿಯಷ್ಟೇ ಗಾತ್ರದ, ಆದರೆ ಅತಿ ಭಾರವಾದ ಶ್ವೇತಕುಬ್ಜ. ಇನ್ನೊಂದು, ಸೂರ್ಯನಿಗಿಂತ ತಂಪಾದ ಸಾಧಾರಣ ತಾರೆ. ಇವೆರಡೂ 6 ಗಂಟೆ 36 ನಿಮಿಷಗಳಿಗೊಮ್ಮೆ ಪರಸ್ಪರ ಸುತ್ತುವುವು. ಸಂಗಾತಿಯಿಂದ ಹರಿದುಬರುವ ಅನಿಲವು ಶ್ವೇತಕುಬ್ಜನ ಮೇಲೆ ನೇರವಾಗಿ ಬೀಳದೆ, ಅದರ ಸುತ್ತ ತಟ್ಟೆಯಂತೆ ಸುತ್ತುತ್ತ ಶೇಖರವಾಗುವುದು.

ಭದ್ರಾವತಿಯವರಿಗೆ ಇದನ್ನು ತಿಳಿಸುವುದು ಸುಲಭ. ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ನೀರು ದಿನೇ ದಿನೇ ಏರುತ್ತಿದ್ದರೂ ಬಾಗಿಲು ತೆರೆಯುವವರೆಗೆ ಊರಿನ ಹೊಳೆ ಸೌಮ್ಯವಾಗಿಯೇ ಇರುವುದಷ್ಟೆ. ಅಲ್ಲಿ ಬಾಗಿಲನ್ನು ತೆರೆಯುವವರು ಮನುಷ್ಯರು. ಇಲ್ಲಿ ಅನಿಲದ ಕಾವೇ ತೆರೆಯುವುದು. ತಟ್ಟೆ ದಟ್ಟವಾಗಿ, ಅದರ ಉಷ್ಣವು ಕೆಲವು ಸಾವಿರ ಡಿಗ್ರಿಗಳಿಗೇರಿದೊಡನೆ ಜಲಜನಕದ ಪರಮಾಣುಗಳು ಒಡೆದು, ಪದರಗಳ ನಡುವಣ ಘರ್ಷಣೆ ಹೆಚ್ಚಿ, ಕೂಡಿದ್ದ ಅನಿಲವು ಒಳಕ್ಕೆ ಧುಮುಕುವುದು. ಆ ಬೆಳಕೇ ನಮಗೆ ಕಾಣುವುದು. ಅನಿಲವು ತಟ್ಟೆಯಲ್ಲಿ ಕೂಡಿದ್ದು ಒಮ್ಮೆಗೇ ಒಳಕ್ಕೆ ಬೀಳುವುದೆಂಬ ಮೂಲ ವಿವರಣೆಯನ್ನು 1974ರಲ್ಲಿ ಮುಂದಿಟ್ಟವರು ಜಪಾನಿನ ಯೋಜಿ ಒಸಾಕಿ.

ಇದು ಸರಾಸರಿ 50 ದಿನಗಳಿಗೊಮ್ಮೆ ನಡೆದರೂ ಪಂಚಾಂಗದಲ್ಲಿ ಬರೆದಿಡುವಷ್ಟು ನಿಯತವಲ್ಲ. 1911ರಲ್ಲಿ ಸ್ಥಾಪಿತವಾದ ಅಮೆರಿಕದ ಚರತಾರಾ ವೀಕ್ಷಕರ ಸಂಘಕ್ಕೆ ನಾನಾ ದೇಶಗಳ ಹವ್ಯಾಸಿಗಳು ಲೆಕ್ಕ ಕಳುಹಿಸುತ್ತ ಬಂದುದರಿಂದಲೇ ಶತಮಾನಕ್ಕೂ ಮೀರಿದ ದಾಖಲೆ ದೊರೆತಿದೆ. 2019ರಿಂದ ಈ ತಾರೆ ವಿಶ್ರಾಂತಿಯಲ್ಲಿಯೂ ಮೊದಲಿಗಿಂತ ಪ್ರಕಾಶವಾಗುತ್ತ ಬಂದು, 2021ರ ಆರಂಭದಲ್ಲಿ ತನ್ನ ಹಳೆಯ ಪದ್ಧತಿಯನ್ನೇ ಬಿಟ್ಟು ಸಣ್ಣ ಸಣ್ಣ ಏರಿಳಿತಗಳನ್ನು ತೋರಿತು. ಹಳೆಯ ಲೆಕ್ಕವಿಲ್ಲದಿದ್ದರೆ ಇದು ವಿಚಿತ್ರವೆಂಬುದೇ ತಿಳಿಯುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಮಳೆಗಾಲದ ಮೋಡ ಸರಿದ ಮೇಲೆ, ಅಕ್ಟೋಬರ್ ಕೊನೆಯ ವಾರದ ರಾತ್ರಿ ಏಳೂವರೆಯ ಸುಮಾರಿಗೆ, ರಾಜಹಂಸವು ಉತ್ತರದಲ್ಲಿ ಎತ್ತರವಾಗಿರುವುದು. ತಾರೆ ಬೆಳಗಿರುವ ದಿನಗಳಲ್ಲಿ, ಊರ ದೀಪಗಳಿಂದ ದೂರ ಹೋದರೆ, ಒಳ್ಳೆಯ ದುರ್ಬೀನು ಮತ್ತು ಒಂದು ನಕ್ಷತ್ರಪಟ ಸಾಕು.