ಒಂದು ಡಿಶ್, ಎರಡು ಟಿ.ವಿ.

ನಡುಮನೆಯಲ್ಲಿ ಗಂಡಸರು ಕ್ರಿಕೆಟ್ ನೋಡ್ತಾರೆ. ಒಳಕೋಣೆಯಲ್ಲಿ ನಾವು ವಾರ್ತೆ ನೋಡಬೇಕು. ಹಳೇ ಹೆಂಚಿನ ಮನೆಯಲ್ಲಿ ಇದು ಆಗುತ್ತದೆಯೇ? ಆಗುತ್ತದೆ. ಇನ್ನೊಂದು ಡಿಶ್ ಬೇಕೇ? ಬೇಕಿಲ್ಲ. ಹೇಗೆ ಅಂತ ತಿಳಿಯೋಣ.

ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇದೆ. ಅದು ಕಳಿಸುವ ಅಲೆಗಳನ್ನು ಡಿಶ್ ಹಿಡಿಯುತ್ತದೆ. ಡಿಶ್ ಮುಂದಿನ ಕಡ್ಡಿಯ ತುದಿಯಲ್ಲಿ ಒಂದು ತಲೆ ಇದೆ. ಅದರ ಹೆಸರು ಎಲ್‌ಎನ್‌ಬಿ. ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸೋಣ. ಒಂದೊಂದು ಬಾಯಿಗೆ ಒಂದೊಂದು ಕೇಬಲ್. ಒಂದೊಂದು ಟಿ.ವಿ.ಗೆ ಒಂದೊಂದು ಬಾಕ್ಸ್. ಆಗ ಎರಡು ಕಡೆ ಬೇರೆ ಬೇರೆ ಚಾನೆಲ್ ನೋಡಬಹುದು. ಒಂದೇ ಬಾಕ್ಸಿನಿಂದ ವೈರ್ ಎಳೆದರೆ ಎರಡರಲ್ಲೂ ಒಂದೇ ಚಾನೆಲ್ ಬರುತ್ತದೆ.

ಡಿಶ್ಶನ್ನು ಹೆಂಚಿನ ಮೇಲೆ ಕೂರಿಸಬಾರದು. ಹೆಂಚು ಒಡೆದರೆ ಮನೆ ಸೋರುತ್ತದೆ. ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲೋದಿಲ್ಲ. ಡಿಶ್ ಅಲುಗಿದರೆ ಚಿತ್ರ ಹೋಗುತ್ತದೆ. ಅಂಗಳದಲ್ಲಿ ಸಿಮೆಂಟ್ ಹಾಕಿ ಕಂಬ ನೆಡಿಸೋಣ. ಡಿಶ್ ಮುಂದೆ ಮರ ಅಡ್ಡ ಇರಬಾರದು.

ಗೋಡೆ ಕೊರೆಯೋದು ಬೇಡ. ಕಿಟಕಿ ಚೌಕಟ್ಟಿನಲ್ಲಿ ಸಣ್ಣ ತೂತು ಸಾಕು. ಹೊರಗೆ ಕೇಬಲ್ಲನ್ನು ತೂತಿಗಿಂತ ಕೆಳಗೆ ಇಳಿಸಿ, ಮತ್ತೆ ಮೇಲೆ ತರಬೇಕು. ಆಗ ಮಳೆನೀರು ಹೊರಗೇ ತೊಟ್ಟಿಕ್ಕುತ್ತದೆ.

ಮೋಡ ಕವಿದ ಕೂಡಲೇ ಪ್ಲಗ್, ಕೇಬಲ್ ಎರಡೂ ಬಿಚ್ಚಿಡೋಣ. ಗುಡುಗು ಶುರುವಾದ ಮೇಲೆ ಮುಟ್ಟಬಾರದು. ಜೀವಕ್ಕೆ ಅಪಾಯ.

ದುಡ್ಡಿನ ಲೆಕ್ಕವೂ ತಿಳಿದಿರಲಿ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಹಣ ಇಲ್ಲ. ಬಾಕ್ಸ್, ಡಿಶ್ ಕೊಂಡರೆ ಸಾಕು. ಬೇರೆ ಕಂಪನಿಯಾದರೆ, ಎರಡನೇ ಟಿ.ವಿ.ಗೆ ತಿಂಗಳಿಗೆ ಎಷ್ಟು ಅಂತ ಮೊದಲೇ ಕೇಳೋಣ. ಬರೆಸಿಕೊಳ್ಳೋಣ. ಈಗ ನಮಗೆ ಓದು ಬರುತ್ತದೆ. ಚೀಟಿ ಪೂರ್ತಿ ಓದಿ, ಆಮೇಲೆ ಸಹಿ ಹಾಕೋಣ.