ಒಂದೇ ಬರಿಹೊಟ್ಟೆಗೆ ಎರಡು ಮಾತ್ರೆ

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದುಬಿಟ್ಟಿದೆ ಕಣಮ್ಮ. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಎದೆಯುರಿ, ಹುಳಿತೇಗು ಹೆಚ್ಚಾಗಿದೆ, ಬೆಳಿಗ್ಗೆ ಅದರ ಜೊತೆಗೇ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಒಂದೇ ಗುಟುಕಿಗೆ ನುಂಗಿಬಿಡುತ್ತೇನೆ ಅಂದೆ. ಆಮೇಲೆ ಮೆಲ್ಲಗೆ, ‘ಥೈರಾಯ್ಡ್ ಮಾತ್ರೆ ಬಿಟ್ಟೇ ನೋಡಲಾ ದೊಡ್ಡಮ್ಮ?’ ಅಂತಲೂ ಕೇಳಿದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅಂತ ಬರೆಯುತ್ತಿದ್ದೇನೆ. ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಬಹಳ ವರ್ಷ ಕೂತವಳು ನಾನು. ಈ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಂಡೊಯ್ಯುವವರು ಎಷ್ಟು ಜನ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ ಅಂತ ಅವರಿಗೆ ಹೇಳುವವರು ಕಡಿಮೆ.

ಮೊದಲ ಮಾತು, ಥೈರಾಯ್ಡ್ ಮಾತ್ರೆ ಬಿಡಬೇಡ. ಎದೆಯುರಿಗೆ ಕಾರಣ ಆ ಮಾತ್ರೆಯೇ ಅಂತ ನಿನಗೆ ಅನ್ನಿಸುವುದು ಸಹಜ, ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದಿವೆಯಲ್ಲ. ಆದರೆ ಥೈರಾಯ್ಡ್ ಗ್ರಂಥಿ ಮಂದವಾದಾಗ ಇಡೀ ಜೀರ್ಣಾಂಗವೇ ಮಂದವಾಗುತ್ತದೆ. ತಿಂದದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಮಲಬದ್ಧತೆ ಕಾಡುತ್ತದೆ, ತೂಕ ಏರುತ್ತದೆ. ಸೊಂಟದ ಸುತ್ತ ಕೂತ ಬೊಜ್ಜು ಹೊಟ್ಟೆಯನ್ನು ಕೆಳಗಿನಿಂದ ಒತ್ತುತ್ತದೆ. ಅನ್ನನಾಳದ ತುದಿಯಲ್ಲಿರುವ ಸ್ನಾಯು ಬಿಗಿಯಾಗಿ ಮುಚ್ಚದಿದ್ದರೆ ಹೊಟ್ಟೆಯ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ನಿನ್ನ ಉರಿಯ ಒಂದು ಪಾಲು ಕಾಯಿಲೆಯದೇ ಇರಬಹುದು. ಹಾರ್ಮೋನ್ ಮಟ್ಟಕ್ಕೆ ಬಂದ ಮೇಲೆ ಕೆಲವರಿಗೆ ಅದು ತಾನಾಗಿಯೇ ತಗ್ಗುತ್ತದೆ. ಮಾತ್ರೆ ಬಿಟ್ಟರೆ ಅಲ್ಲಿಗೆ ತಲುಪುವುದೇ ಇಲ್ಲ.

ನುಂಗುವ ರೀತಿಯನ್ನೂ ಸ್ವಲ್ಪ ನೋಡಿಕೋ. ಐದೂವರೆಗೆ ಅಲಾರಂ ಇಟ್ಟು, ಹಾಸಿಗೆಯಲ್ಲೇ ಅರ್ಧ ಎದ್ದು, ಒಂದು ಗುಟುಕು ನೀರಲ್ಲಿ ನುಂಗಿ ಮತ್ತೆ ಮಲಗುವವರಿದ್ದಾರೆ. ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡರೆ ಅಲ್ಲೇ ಕೆರಳಿಸುತ್ತದೆ. ಎದ್ದು ನಿಂತು ಒಂದು ಲೋಟ ತುಂಬ ನೀರು ಕುಡಿ, ಮತ್ತೆ ಒರಗಬೇಡ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನ ಥೈರಾಯ್ಡ್ ಮಾತ್ರೆ, ಅಂದರೆ ಥೈರಾಕ್ಸಿನ್, ಹೊಟ್ಟೆಯಲ್ಲಿ ಚೆನ್ನಾಗಿ ಕರಗಬೇಕಾದರೆ ಅಲ್ಲಿ ಆಮ್ಲ ಇರಬೇಕು. ಕರಗಿದ ಮೇಲೆ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೂ ಸಾಮಾನ್ಯವಾಗಿ ಶೇ. 60ರಿಂದ 80ರಷ್ಟು ಮಾತ್ರ ಒಳಗೆ ಹೋಗುತ್ತದೆ. ಡೋಸನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವ ಔಷಧಿ ಇದು. ಅದರಲ್ಲಿ ಇನ್ನಷ್ಟು ಸೋರಿಹೋದರೆ ಸುಸ್ತು, ಕೂದಲು ಉದುರುವುದು, ಚಳಿ ಎಲ್ಲ ಮತ್ತೆ ಶುರು.

ಎದೆಯುರಿಯ ಔಷಧಿಗಳು ಎರಡು ಬಗೆಯಲ್ಲಿ ಇದಕ್ಕೆ ಅಡ್ಡ ಬರುತ್ತವೆ. ಜೆಲುಸಿಲ್, ಡೈಜೀನ್ ಥರದವುಗಳಲ್ಲಿ ಅಲ್ಯುಮಿನಿಯಂ, ಮೆಗ್ನೀಷಿಯಂ ಇರುತ್ತದೆ. ಚೀಪುವ ಕೆಲವು ಮಾತ್ರೆಗಳಲ್ಲಿ ಕ್ಯಾಲ್ಸಿಯಂ ಇರುತ್ತದೆ. ಇವು ಹೊಟ್ಟೆಯೊಳಗೆ ಥೈರಾಕ್ಸಿನ್ನಿಗೆ ಅಂಟಿಕೊಂಡು, ರಕ್ತಕ್ಕೆ ಸೇರದಂತೆ ಹೊರಗೆ ಸಾಗಿಸಿಬಿಡುತ್ತವೆ. ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್ಫೇಟ್ ಸಿರಪ್ಪೂ ಹಾಗೇ. ಇವಕ್ಕೆಲ್ಲ ಪರಿಹಾರ ಸುಲಭ, ನಡುವೆ 4 ಗಂಟೆ ಅಂತರ ಇರಲಿ. ಮಧ್ಯಾಹ್ನದ ಊಟದ ಮೇಲೆ ಕುಡಿದರೆ ತೊಂದರೆಯಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಉರಿ ತಡೆಯದೆ ಸಿರಪ್ ಕುಡಿದರೆ, ಅವತ್ತು ಥೈರಾಯ್ಡ್ ಮಾತ್ರೆಯನ್ನು ಆರಕ್ಕೆ ನುಂಗಬೇಡ, ಎಂಟು ದಾಟಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಲೆಕ್ಕ.

ನೀನು ನುಂಗುವ ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್ ಇನ್ನೊಂದು ಬಗೆಯದು. ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲ ಅದರ ಅಣ್ಣತಮ್ಮಂದಿರು. ಇದು ಆಮ್ಲ ತಯಾರಾಗುವುದನ್ನೇ ತಗ್ಗಿಸುತ್ತದೆ, ಅದೂ ಇಡೀ ದಿನ. ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ. ಇಲ್ಲಿ ಗಂಟೆಗಳ ಅಂತರ ಇಟ್ಟರೆ ಪೂರ್ತಿ ಬಗೆಹರಿಯುವುದಿಲ್ಲ. ಆದರೂ ಎರಡನ್ನೂ ಒಂದೇ ಗುಟುಕಿಗೆ ನುಂಗುವ ಬದಲು ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆ ಬಿಟ್ಟು ಗ್ಯಾಸ್ಟ್ರಿಕ್ ಮಾತ್ರೆ, ಇನ್ನರ್ಧ ಗಂಟೆ ಬಿಟ್ಟು ತಿಂಡಿ ಅಂತ ಇಟ್ಟುಕೋ. ಪ್ಯಾಂಟೊಪ್ರಜೋಲ್ ಕೂಡ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೇ ಚೆನ್ನಾಗಿ ಕೆಲಸ ಮಾಡುವುದು.

ಆದರೆ ನಿನಗೆ ನಾನು ಒತ್ತಿ ಹೇಳಬೇಕಾದ್ದು ಬೇರೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ನಾಲ್ಕು ದಿನ ನುಂಗಿ, ಹತ್ತು ದಿನ ಬಿಟ್ಟು, ಮದುವೆ ಊಟ ಮಾಡಿ ಬಂದು ಮತ್ತೆ ಶುರು ಮಾಡುವ ಅಭ್ಯಾಸ ಬೇಡ. ಥೈರಾಯ್ಡ್ ಡಾಕ್ಟರು ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಮಟ್ಟ ನೋಡಿ ಡೋಸ್ ಹೊಂದಿಸುತ್ತಾರೆ. ನೀನು ಅವರಿಗೆ ಹೇಳದೆ ಇನ್ನೊಂದು ಮಾತ್ರೆಯನ್ನು ಸೇರಿಸುತ್ತಾ ತೆಗೆಯುತ್ತಾ ಇದ್ದರೆ ಟಿಎಸ್‌ಎಚ್ ಏರುತ್ತದೆ, ಇಳಿಯುತ್ತದೆ, ಯಾಕೆ ಅಂತ ಅವರಿಗೆ ತಿಳಿಯುವುದಿಲ್ಲ. ಏರಿದಾಗ ಡೋಸ್ ಹೆಚ್ಚಿಸುತ್ತಾರೆ. ಆಮೇಲೆ ನೀನು ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟರೆ ಅದೇ ಡೋಸ್ ಅತಿಯಾಗಿ, ಎದೆ ಡವಡವ, ಕೈ ನಡುಕ, ನಿದ್ದೆಗೇಡು. ಆದ್ದರಿಂದ ಗ್ಯಾಸ್ಟ್ರಿಕ್ ಮಾತ್ರೆ ಶುರು ಮಾಡುವುದಾದರೂ ಬಿಡುವುದಾದರೂ ಡಾಕ್ಟರಿಗೆ ಹೇಳಿಯೇ ಮಾಡು, 6ರಿಂದ 8 ವಾರಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸು. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಅದಕ್ಕೇ ಬದಲಾವಣೆ ರಿಪೋರ್ಟಿನಲ್ಲಿ ಪೂರ್ತಿ ಕಾಣಲು ಅಷ್ಟು ಕಾಯಬೇಕಾಗುವುದು. ತಿಂಗಳುಗಟ್ಟಲೆ ನುಂಗಿದ ಮೇಲೆ ಗ್ಯಾಸ್ಟ್ರಿಕ್ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುವುದೂ ಉಂಟು. ಹಾಗಾದಾಗ ಆ ಮಾತ್ರೆ ಇಲ್ಲದೆ ಬದುಕಿಲ್ಲ ಅಂತ ಅಂದುಕೊಳ್ಳಬೇಡ, ನಿಧಾನಕ್ಕೆ ಕಡಿಮೆ ಮಾಡುವ ದಾರಿ ಇದೆ.

ಕಾಫಿಯ ಮಾತು ನಿನಗೆ ಕಹಿಯಾಗಬಹುದು. ಕಾಫಿ ಥೈರಾಯ್ಡ್ ಮಾತ್ರೆಯನ್ನೂ ಕೆಡಿಸುತ್ತದೆ, ಹಲವರಿಗೆ ಎದೆಯುರಿಯನ್ನೂ ಹೆಚ್ಚಿಸುತ್ತದೆ. ಹಾಲು ಬೆರೆತರೆ ಅದರ ಕ್ಯಾಲ್ಸಿಯಂ ಬೇರೆ. ಬಿಟ್ಟೇಬಿಡು ಅನ್ನುವುದಿಲ್ಲ. ಮಾತ್ರೆಯಾಗಿ ಒಂದು ಗಂಟೆ ಕಳೆಯಲಿ, ತಿಂಡಿಯೂ ಹೊಟ್ಟೆಗೆ ಬೀಳಲಿ, ಆಮೇಲೆ ಕುಡಿ. ನಮ್ಮ ಕಡೆ ಬೆಳಗಿನ ಬರಿಹೊಟ್ಟೆಗೆ ಎಷ್ಟೊಂದು ಹಕ್ಕುದಾರರು ನೋಡು. ನೆನೆಸಿದ ಮೆಂತ್ಯ, ಜೀರಿಗೆ ಕಷಾಯ, ನಿಂಬೆರಸ ಜೇನುತುಪ್ಪ, ರಾಗಿ ಮಾಲ್ಟ್ ಎಲ್ಲವನ್ನೂ ಬರಿಹೊಟ್ಟೆಯಲ್ಲೇ ಕುಡಿ ಅನ್ನುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನಿಂಬೆಯ ಹುಳಿ ನಿನ್ನಂಥವರ ಎದೆಯನ್ನು ಇನ್ನೂ ಕೆರಳಿಸಬಹುದು. ಮೊದಲ ಒಂದು ಗಂಟೆ ನಿನ್ನ ಆ ಎರಡು ಮಾತ್ರೆಗಳಿಗೂ ನೀರಿಗೂ ಮೀಸಲಾಗಿರಲಿ. ಥೈರಾಯ್ಡ್ ಇದ್ದವರು ಎಲೆಕೋಸು, ಹೂಕೋಸು ಮುಟ್ಟಬಾರದು ಅಂತ ಹೆದರಿಸುವವರ ಮಾತಿಗೆ ಕಿವಿಗೊಡಬೇಡ. ಬೇಯಿಸಿದ ಪಲ್ಯವನ್ನು ಹಿತಮಿತವಾಗಿ ತಿಂದರೆ ಏನೂ ಆಗದು.

ಬೆಳಿಗ್ಗೆ ಇಷ್ಟೆಲ್ಲ ಹೊಂದಿಸಲು ಆಗದವರಿಗೆ ಕೆಲವು ಡಾಕ್ಟರು ಥೈರಾಯ್ಡ್ ಮಾತ್ರೆಯನ್ನು ರಾತ್ರಿ, ಊಟವಾಗಿ 3 ಗಂಟೆಯ ನಂತರ ತೆಗೆದುಕೊಳ್ಳಲು ಹೇಳುತ್ತಾರೆ. ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನಿನಗೆ ಉರಿ ಕಾಡುವುದೇ ರಾತ್ರಿ. ಲೋಟ ನೀರು ಕುಡಿದು ಕೂಡಲೇ ಮಲಗುವುದು ಹಿಡಿಸಲಾರದು, ಆದ್ದರಿಂದ ನಿನ್ನ ಮಟ್ಟಿಗೆ ಬೆಳಗ್ಗೆಯೇ ವಾಸಿ ಅಂತ ನನಗನ್ನಿಸುತ್ತದೆ.

ರಾತ್ರಿಯ ಉರಿಗೆ ಔಷಧಿಗಿಂತ ಮೊದಲು ಮಾಡಬೇಕಾದ್ದು ಊಟದ ಹೊತ್ತು ಬದಲಿಸುವುದು. ಕೆಲಸದಿಂದ ಬಂದು ಹತ್ತಕ್ಕೆ ಅನ್ನ ಸಾರು ಉಂಡು ಹನ್ನೊಂದಕ್ಕೆ ಮಲಗಿದರೆ ಯಾವ ಮಾತ್ರೆ ತಾನೇ ಏನು ಮಾಡೀತು? ಎಂಟರೊಳಗೆ ಉಂಡುಬಿಡು. ಆಗದಿದ್ದರೆ ಸಂಜೆ ಆರಕ್ಕೆ ಹೊಟ್ಟೆಗೆ ಗಟ್ಟಿಯಾಗಿ ಏನಾದರೂ ತಿಂದು, ರಾತ್ರಿ ಸ್ವಲ್ಪವೇ ಉಣ್ಣು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ಮಾತ್ರ ಮಡಚುತ್ತದೆ, ಹೊಟ್ಟೆ ಇನ್ನೂ ಒತ್ತಿಕೊಳ್ಳುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು 6ರಿಂದ 8 ಇಂಚು ಎತ್ತರಿಸು. ಎಡಮಗ್ಗುಲಾಗಿ ಮಲಗು, ಆ ಭಂಗಿಯಲ್ಲಿ ಆಮ್ಲ ಮೇಲೇರುವುದು ಕಡಿಮೆ. ಊಟದಲ್ಲಿ ಯಾವುದು ನಿನಗೆ ಆಗದು ಅನ್ನುವುದನ್ನು ನೀನೇ ಗಮನಿಸಬೇಕು. ಕರಿದದ್ದು, ಖಾರ, ಚಾಕೊಲೇಟ್ ಹಲವರಿಗೆ ಆಗುವುದಿಲ್ಲ, ಆದರೆ ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ.

ಒಂದು ವಿಷಯ ಡಾಕ್ಟರನ್ನು ಕೇಳಿಯೇ ಕೇಳು. ನಿನ್ನದು ಹಶಿಮೊಟೊ ಬಗೆಯ ಥೈರಾಯ್ಡೇ ಅಂತ. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ವಿವರಿಸಿದ ಕಾಯಿಲೆ ಅದು, ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುತ್ತದೆ. ಅಂಥವರಲ್ಲಿ ಕೆಲವರಿಗೆ ಅದೇ ಥರ ಹೊಟ್ಟೆಯ ಒಳಪದರವೂ ಹಾಳಾಗಿ ಆಮ್ಲ ಕಡಿಮೆಯಾಗುತ್ತದೆ. ಆಗಲೂ ಹೊಟ್ಟೆ ಉಬ್ಬರ, ಸಂಕಟ ಇರುತ್ತದೆ. ಅಸಿಡಿಟಿ ಅಂತ ಭಾವಿಸಿ ಇರುವ ಅಷ್ಟಿಷ್ಟು ಆಮ್ಲವನ್ನೂ ತಗ್ಗಿಸಿಕೊಳ್ಳುವವರಿದ್ದಾರೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ ಡೋಸ್ ಏರುತ್ತಲೇ ಹೋದರೆ, ಜೊತೆಗೆ ರಕ್ತಹೀನತೆ, ಬಿ12 ಕೊರತೆ ಕಂಡರೆ ಹೊಟ್ಟೆಯನ್ನು ಪರೀಕ್ಷಿಸಲು ಹೇಳು. ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನುವ ಸೋಂಕಿನಿಂದಲೂ ಹೀಗಾಗಬಹುದು, ಅದಕ್ಕೆ ಚಿಕಿತ್ಸೆ ಇದೆ.

ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡಬೇಡ. ಎದೆಯ ನೋವು ತೋಳಿಗೋ ದವಡೆಗೋ ಹರಡಿ, ಬೆವರು, ಉಸಿರುಕಟ್ಟುವಿಕೆ ಜೊತೆಯಾದರೆ ಅದನ್ನು ಗ್ಯಾಸ್ ಅಂತ ಕೂರಬೇಡ, ನೇರ ಆಸ್ಪತ್ರೆಗೆ ಹೋಗು. ಥೈರಾಯ್ಡ್ ಕಡಿಮೆ ಇದ್ದವರಲ್ಲಿ ಕೊಲೆಸ್ಟರಾಲ್ ಏರುವುದು ಸಾಮಾನ್ಯ, ಆದ್ದರಿಂದ ಹೃದಯದ ವಿಷಯದಲ್ಲಿ ಉದಾಸೀನ ಸಲ್ಲದು.

ಇನ್ನೊಂದು. ಮಗುವಿನ ಯೋಚನೆ ಇದೆ ಅಂತ ನಿಮ್ಮಮ್ಮ ಹೇಳಿದಳು, ಕೇಳಿ ಸಂತೋಷವಾಯಿತು. ಈಗಿನಿಂದಲೇ ಟಿಎಸ್‌ಎಚ್ ಹತೋಟಿಗೆ ತಂದುಕೋ. ಗರ್ಭ ನಿಂತ ಮೊದಲ ವಾರಗಳಲ್ಲೇ ಥೈರಾಕ್ಸಿನ್ನಿನ ಅಗತ್ಯ ಏರುತ್ತದೆ, ಮಗುವಿನ ಮಿದುಳು ಬೆಳೆಯಲು ಅದು ಬೇಕು. ಎದೆಯುರಿಯೂ ಆಗಲೇ ಹೆಚ್ಚುವುದು, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೂ ಆಗಲೇ ಬರುವುದು. ಮುಟ್ಟು ನಿಂತದ್ದು ಖಚಿತವಾದ ವಾರವೇ ಡಾಕ್ಟರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸು, ಮೊದಲ ಸ್ಕ್ಯಾನಿನವರೆಗೆ ಕಾಯಬೇಡ. ಹೋಗುವಾಗ ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಯಾವುದನ್ನು ಎಷ್ಟು ಹೊತ್ತಿಗೆ ಅನ್ನುವುದರ ಸಮೇತ ಬರೆದುಕೊಂಡು ಹೋಗು. ಅಂಗಡಿಯಿಂದ ನೀನೇ ತಂದ ಸಿರಪ್ಪೂ ಅದರಲ್ಲಿರಲಿ.